ಆಗುಂಬೆಯ ಅದೇ ದಾರಿ, ಈ ಸಲದ ಮಳೆ

ಮೊದಲ ದಿನ: ಶಿವಮೊಗ್ಗದಿಂದ ಆಗುಂಬೆಗೆ

ಪ್ರತಿ ಮಳೆಗಾಲದಲ್ಲೂ ನಾನು ಮತ್ತು ನನ್ನ ಗೆಳತಿ ಆಗುಂಬೆಗೆ ಹೋಗುತ್ತೇವೆ. ಹೊಸ ಜಾಗ ನೋಡೋಕಲ್ಲ. ಅದೇ ಮನೆ, ತೋಟದ ಅಂಚಿನ ಅದೇ ಕಾಲುದಾರಿ, ಅದೇ ಹಳ್ಳ, ಹಳ್ಳದ ಮೇಲಿನ ಅದೇ ಸಂಕ (ಕಾಲುಸೇತುವೆ). "ಹೋದ ವರ್ಷ ನೋಡಿದ್ದನ್ನೇ ಮತ್ತೇನು ನೋಡ್ತೀರಿ?" ಅಂತ ಮನೆಯಲ್ಲಿ ಕೇಳುತ್ತಾರೆ. ನಾವು ಹೋಗೋದೇ ಅದಕ್ಕೆ. ಹೋದ ವರ್ಷ ಬಿದ್ದ ಮರದ ಮೇಲೆ ಈಗ ಏನು ಬೆಳೆದಿದೆ, ಹಳ್ಳ ಈ ಸಲ ಯಾವ ದಂಡೆ ಕೊರೆದಿದೆ, ಸಂಕದ ಕೆಳಗೆ ಗೂಡು ಕಟ್ಟಿದ್ದ ಹಕ್ಕಿ ವಾಪಸ್ ಬಂತಾ ಅನ್ನೋದೆಲ್ಲ ಅದೇ ದಾರಿಯಲ್ಲಿ ಮತ್ತೆ ಮತ್ತೆ ನಡೆದರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಅವಳದ್ದು ಕಿವಿ, ನನ್ನದು ಕಣ್ಣು. ಅವಳು ಮರದ ಮೇಲಿನ ಸದ್ದು ಹಿಡಿದು ನಿಲ್ಲುತ್ತಾಳೆ, ನಾನು ತರಗೆಲೆ, ಬೇರು, ಕಲ್ಲಿನ ಸಂದಿ ನೋಡುತ್ತಾ ನಡೆಯುತ್ತೇನೆ. ಒಬ್ಬರೇ ಹೋಗಿದ್ದರೆ ಇಬ್ಬರಿಗೂ ಅರ್ಧ ಕಾಡು ತಪ್ಪಿಹೋಗುತ್ತಿತ್ತು.

ಜುಲೈ ಕೊನೆಯ ವಾರ. ಬೆಳಗ್ಗೆ ತೀರ್ಥಹಳ್ಳಿ ಬಸ್ ಹತ್ತಿದೆವು. ಗಾಜನೂರಿನವರೆಗೆ ಬರೀ ತುಂತುರು. ಸಕ್ರೆಬೈಲು ದಾಟಿದ ಮೇಲೆ ಬಸ್ಸಿನ ಕಿಟಕಿಗಳೆಲ್ಲ ಒಂದೊಂದಾಗಿ ಮುಚ್ಚಿದವು. ನಾವು ಮಂಡಗದ್ದೆಯಲ್ಲಿ ಇಳಿದೆವು. ಶಿವಮೊಗ್ಗದಿಂದ ಸುಮಾರು 30 ಕಿಲೋಮೀಟರ್. ಆಗುಂಬೆಗೆ ಹೋಗುವವರು ಸಾಮಾನ್ಯವಾಗಿ ಇಲ್ಲಿ ನಿಲ್ಲುವುದಿಲ್ಲ, ಆದರೆ ಮಳೆಗಾಲದಲ್ಲಿ ಈ ದಾರಿಯಲ್ಲಿ ಹೋಗುವವರು ಅರ್ಧ ಗಂಟೆಯಾದರೂ ಇಳಿದು ನೋಡಬೇಕು. ರಸ್ತೆ ಪಕ್ಕದಲ್ಲೇ ತುಂಗೆ, ಹೊಳೆಯ ನಡುವೆ ಪುಟ್ಟ ನಡುಗಡ್ಡೆ, ಅದರ ಮರಗಳ ತುಂಬ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು. ದೂರದರ್ಶಕ ಇಲ್ಲದಿದ್ದರೂ ದಡದಿಂದಲೇ ಕಾಣುತ್ತದೆ.

ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಮರಗಳ ಬುಡ ನೀರೊಳಗೆ. ಇಷ್ಟು ರಭಸದ ನೀರಿನ ನಡುವೆ ಮರಿ ಮಾಡಬೇಕಾ ಅನ್ನಿಸುತ್ತದೆ, ಆದರೆ ಸುತ್ತ ನೀರಿದ್ದರೆ ಬೆಕ್ಕು, ಮುಂಗುಸಿ ಬರೋ ಹಾಗಿಲ್ಲವಲ್ಲ. ಒಂದು ಬೆಳ್ಳಕ್ಕಿ ದಡದಿಂದ ಕಡ್ಡಿ ಕಚ್ಚಿಕೊಂಡು ಹೋಗಿ ಗೂಡಿನಲ್ಲಿಟ್ಟು ಮತ್ತೊಂದು ತರಲು ಹಾರಿತು. ಅದು ಹೋದದ್ದೇ ಪಕ್ಕದ ಗೂಡಿನ ಹಕ್ಕಿ ಕುತ್ತಿಗೆ ಉದ್ದ ಮಾಡಿ ಅದೇ ಕಡ್ಡಿ ಎಳೆದುಕೊಂಡು ತನ್ನ ಗೂಡಿಗೆ ಸೇರಿಸಿತು. ಮೊದಲಿನದು ವಾಪಸ್ ಬಂದು ಗೂಡನ್ನೇ ದಿಟ್ಟಿಸಿ ನೋಡಿ, ತಂದ ಹೊಸ ಕಡ್ಡಿಯನ್ನು ಇಟ್ಟು, ಈ ಸಲ ಹಾರದೆ ಅಲ್ಲೇ ಕೂತುಬಿಟ್ಟಿತು. ಅದರ ಜೋಡಿ ಬಂದ ಮೇಲಷ್ಟೇ ಎದ್ದದ್ದು.

ಕೊಡೆ ಹಿಡಿದು ನಿಂತಿದ್ದ ಅಜ್ಜ ಒಬ್ಬರು ಮಾತಿಗೆ ಸಿಕ್ಕರು. "ಹೊಳೆ ಇನ್ನೂ ಏರಿದ್ರೆ ಕೆಳಗಿನ ಗೂಡು ಹೋಗ್ತವೆ ಕಣಮ್ಮಾ. ಮೇಲೆ ಕಟ್ಟಿದ್ದು ಉಳೀತವೆ. ಹಕ್ಕಿಗೇನು ಗೊತ್ತಿಲ್ಲ ಅಂತಲ್ಲ, ಎಲ್ಲಾದಕ್ಕೂ ಮೇಲೆ ಜಾಗ ಸಿಗಬೇಕಲ್ಲ." ಅವರು ಚಿಕ್ಕಂದಿನಿಂದ ಈ ಊರಲ್ಲೇ ಇದ್ದವರು. ಬಸ್ ಬರುವವರೆಗೂ ಯಾವ ಮರದಲ್ಲಿ ಯಾವ ಹಕ್ಕಿ ಮೊದಲು ಬಂದು ಕೂರುತ್ತದೆ ಅಂತ ತೋರಿಸುತ್ತಾ ನಿಂತಿದ್ದರು.

ತೀರ್ಥಹಳ್ಳಿಯಲ್ಲಿ ಊಟ ಮುಗಿಸಿ ಆಗುಂಬೆ ಬಸ್ ಹಿಡಿದೆವು. ಮೇಗರವಳ್ಳಿ ದಾಟಿದ ಮೇಲೆ ಹಗಲೋ ಸಂಜೆಯೋ ಗೊತ್ತಾಗುವುದಿಲ್ಲ. ರಸ್ತೆಯ ಎರಡೂ ಬದಿ ಮರ ಬಾಗಿ ಮಂಜು ಕೂತಿರುತ್ತದೆ. ಗದ್ದೆಗಳಲ್ಲಿ ನಾಟಿ ನಡೆದಿತ್ತು, ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಹೆಂಗಸರು ಸಾಲಾಗಿ ಬಗ್ಗಿದ್ದರು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಲೆಕ್ಕ ಕೇಳುವುದೇ ಬೇರೆ, ಬಸ್ ಇಳಿದು ಮನೆ ತಲುಪುವಷ್ಟರಲ್ಲಿ ರೇನ್‌ಕೋಟಿನ ಒಳಗೂ ಒದ್ದೆಯಾಗುವುದೇ ಬೇರೆ. ಬಟ್ಟೆಯನ್ನು ಚೀಲದೊಳಗೆ ಮತ್ತೊಂದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದರಿಂದ ಅದೊಂದು ಬಚಾವಾಯಿತು. ಇಲ್ಲಿ ಒಗೆದದ್ದು ಒಣಗುವುದಿಲ್ಲ, ಹಾಗಾಗಿ ಕಾಲುಚೀಲ ಎಷ್ಟು ತಂದರೂ ಸಾಲದು.

ನಾವು ಉಳಿಯುವ ಮನೆಯ ಅಮ್ಮ ಬಚ್ಚಲ ಒಲೆಗೆ ಆಗಲೇ ಬೆಂಕಿ ಹಾಕಿದ್ದರು. ಬಿಸಿ ನೀರು ಹುಯ್ದುಕೊಂಡು ಬಂದರೆ ಜಗಲಿಯಲ್ಲಿ ಕಷಾಯ, ಸುಟ್ಟ ಹಲಸಿನ ಹಪ್ಪಳ. "ತೊಟ್ಟಿ ಹತ್ರ ನಿನ್ನೆಯಿಂದ ಶುರುವಾಗಿದೆ, ಊಟ ಮಾಡಿ ಹೋಗಿ ನೋಡಿ" ಅಂದರು. ಏನು ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕೊಟ್ಟಿಗೆ ಹಿಂದೆ ತೋಟಕ್ಕೆ ನೀರು ಬಿಡುವ ಹಳೇ ತೊಟ್ಟಿ ಇದೆ. ಅದರ ಮೇಲೆ ಒಂದು ಹಲಸಿನ ಕೊಂಬೆ ಬಾಗಿದೆ. ಟಾರ್ಚ್ ಬಿಟ್ಟ ಕೂಡಲೇ ಕಂಡಿತು, ಮಲಬಾರ್ ಹಾರುವ ಕಪ್ಪೆ. ಎಲೆಗಿಂತ ಹಸಿರು ಬೆನ್ನು, ಬೆರಳುಗಳ ನಡುವೆ ಕಿತ್ತಳೆಗೆಂಪು ಪೊರೆ. ಈ ಪೊರೆ ಹರಡಿಕೊಂಡು ಅದು ಮರದಿಂದ ಮರಕ್ಕೆ ಹತ್ತು ಮೀಟರಿನಷ್ಟು ದೂರ ತೇಲಬಲ್ಲದು. ಆದರೆ ಆ ರಾತ್ರಿ ಅದಕ್ಕೆ ಬೇರೆ ಕೆಲಸವಿತ್ತು. ದೊಡ್ಡ ಹೆಣ್ಣು, ಬೆನ್ನ ಮೇಲೆ ಸಣ್ಣ ಗಂಡು, ಪಕ್ಕದಲ್ಲಿ ಇನ್ನೂ ಒಂದು ಗಂಡು ಜಾಗಕ್ಕಾಗಿ ನೂಕುತ್ತಿತ್ತು. ಹೆಣ್ಣು ಹಿಂಗಾಲನ್ನು ಒಂದಾದ ಮೇಲೊಂದು ನಿಧಾನವಾಗಿ ಆಡಿಸುತ್ತಿತ್ತು. ಮೈಯಿಂದ ಬಂದ ದ್ರವ ಆ ಕಾಲಿನ ಬಡಿತಕ್ಕೆ ಉಬ್ಬುತ್ತಾ ಬಂತು, ಮಜ್ಜಿಗೆ ಕಡೆಯುವಾಗ ಏಳುವ ನೊರೆಯ ಹಾಗೆ. ಮೊಟ್ಟೆಗಳು ಅದರೊಳಗೆ. ಆಮೇಲೆ ಅಕ್ಕಪಕ್ಕದ ಎಲೆಗಳನ್ನು ಕಾಲಿನಲ್ಲಿ ಹತ್ತಿರಕ್ಕೆ ಎಳೆದು ನೊರೆಗೆ ಒತ್ತಿಕೊಂಡಿತು. ಎಲೆ ಅಂಟಿಕೊಂಡಿತು. ಮತ್ತೊಂದನ್ನು ಎಳೆಯಿತು.

ಒಂದು ವಾರದ ಆಸುಪಾಸಿನಲ್ಲಿ ನೊರೆ ಕರಗಿ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ. ಅದಕ್ಕೇ ಕೆಳಗೆ ನೀರಿರುವ ಕೊಂಬೆಯೇ ಬೇಕು. ಗೆಳತಿ ಟಾರ್ಚಿಗೆ ಕೆಂಪು ಬಣ್ಣದ ಹಾಳೆ ಸುತ್ತಿದ್ದಳು, ಬೆಳಕನ್ನೂ ಪಕ್ಕಕ್ಕೆ ಹಿಡಿದಿದ್ದಳು. ನೇರ ಬೆಳಕು ಬಿಟ್ಟು ನಿಂತರೆ ಅವು ಕೆಲಸ ನಿಲ್ಲಿಸಿಬಿಡುತ್ತವೆ. ಫೋಟೋ ಆಸೆಗೆ ಫ್ಲ್ಯಾಷ್ ಹೊಡೆಯುವವರು ದಯವಿಟ್ಟು ಇದನ್ನು ನೆನಪಿಡಿ.

ಎರಡನೇ ದಿನ: ತೋಟ, ಹಳ್ಳ, ಸಂಕ

ಬೆಳಕು ಹರಿಯುವ ಮೊದಲೇ ಯಾರೋ ಸಿಳ್ಳೆ ಹಾಕುತ್ತಾ ಮನೆ ಹಿಂದೆ ನಡೆದು ಹೋದಂತೆ ಕೇಳುತ್ತದೆ. ಹಾಡಿನ ಧಾಟಿ ಸಿಕ್ಕಿತು ಅನ್ನುವಷ್ಟರಲ್ಲಿ ದಾರಿ ತಪ್ಪಿ ಬೇರೆ ಕಡೆ ಹೋಗುತ್ತದೆ. ಇದು ಮಲಬಾರ್ ಸಿಳ್ಳಾರ. "ಬಂತು ಕಣೇ, ಅದೇ ಜಾಗ" ಅಂದಳು ಗೆಳತಿ, ಇನ್ನೂ ಕಂಬಳಿಯೊಳಗಿಂದಲೇ. ಹಳ್ಳದ ಸದ್ದು, ಮಳೆಯ ಸದ್ದು ಎರಡನ್ನೂ ಮೀರಿ ಆ ಸಿಳ್ಳೆ ಕೇಳುತ್ತದೆ. ಹೋದ ವರ್ಷ ಸಂಕದ ಕೆಳಗಿನ ಕಲ್ಲಿನ ಸಂದಿಯಲ್ಲಿ ಇದರ ಗೂಡಿತ್ತು.

ತಿಂಡಿಗೆ ಪತ್ರೊಡೆ. ಕೆಸುವಿನ ಎಲೆಗೆ ಅಕ್ಕಿ ಹಿಟ್ಟು ಹಚ್ಚಿ ಸುರುಳಿ ಸುತ್ತಿ ಬೇಯಿಸಿ, ಮಾರನೇ ದಿನ ತುಂಡು ಮಾಡಿ ಒಗ್ಗರಣೆ ಹಾಕಿದರೆ ರುಚಿ ಇನ್ನೂ ಜಾಸ್ತಿ. ಅಮ್ಮ ಹಿಂದಿನ ದಿನವೇ ಮಾಡಿಟ್ಟಿದ್ದರು. ಮಧ್ಯಾಹ್ನಕ್ಕೆ ಕಳಲೆ ಹುಳಿ ಅಂತಲೂ ಹೇಳಿ ಕಳಿಸಿದರು.

ಹೊರಡುವಾಗ ಅಮ್ಮ ಕೊಟ್ಟ ಕೋಲು ಕೈಯಲ್ಲಿತ್ತು. ತುದಿಗೆ ಸುಣ್ಣ ಮತ್ತು ಹೊಗೆಸೊಪ್ಪಿನ ಪುಡಿ ಸೇರಿಸಿದ ಬಟ್ಟೆಯ ಗಂಟು. ಉಂಬಳ (ಜಿಗಣೆ) ಕಚ್ಚಿದಾಗ ಅದನ್ನು ಮುಟ್ಟಿಸಿದರೆ ತಾನಾಗಿ ಬಿಟ್ಟು ಬೀಳುತ್ತದೆ. ಕಿತ್ತು ಎಳೆಯಬಾರದು. ಬಿಟ್ಟ ಮೇಲೂ ರಕ್ತ ಸುಮಾರು ಹೊತ್ತು ಸೋರುತ್ತದೆ, ರಕ್ತ ಹೆಪ್ಪುಗಟ್ಟದ ಹಾಗೆ ಅದು ಏನೋ ಬಿಟ್ಟಿರುತ್ತದೆ. ಹೊಸಬರು ಹೆದರುತ್ತಾರೆ, ಹೆದರಬೇಕಾದ್ದು ಏನಿಲ್ಲ.

ಅಭಯಾರಣ್ಯದ ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆಗಾಲದಲ್ಲಿ ಅದೂ ಕಷ್ಟ. ನಾವು ಒಳಗೆ ಹೋಗುವುದೇ ಇಲ್ಲ. ಊರಿನವರು ಓಡಾಡುವ ತೋಟದ ದಾರಿ ಸಾಕು. ಒಂದು ಕಡೆ ಅಡಿಕೆ ತೋಟ, ಮತ್ತೊಂದು ಕಡೆ ಕಾಡಿನ ಅಂಚು. ಅಂಚಿನಲ್ಲಿಯೇ ಕಾಣುವುದು ಹೆಚ್ಚು ಅಂತ ನನ್ನ ನಂಬಿಕೆ. ಕಾಡಿನೊಳಗೆ ನಿಂತರೆ ನಾಲ್ಕು ಮಾರು ಆಚೆ ಏನೂ ಕಾಣುವುದಿಲ್ಲ.

ನಡೆಯಲು ಶುರು ಮಾಡಿ ಇನ್ನೂ ಅರ್ಧ ಗಂಟೆಯಾಗಿಲ್ಲ, ಗೆಳತಿಯ ಶೂ ಬಾಯಿ ಬಿಟ್ಟಿತು. ಮೊದಲು ತುದಿ, ಆಮೇಲೆ ಇಡೀ ಅಟ್ಟೆ. ಅಂಟು ಹಾಕಿದ ಶೂಗಳಿಗೆ ಆಗುಂಬೆಯ ಕೆಸರು ಆಗಿಬರುವುದಿಲ್ಲ. ತೋಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಹೊಳವು (ಮಳೆಯ ಬಿಡುವು) ಕಾಯುತ್ತಿದ್ದ ಕೊನೆಗಾರರೊಬ್ಬರು, ಅಂದರೆ ಮರ ಹತ್ತಿ ಅಡಿಕೆ ಗೊನೆ ಇಳಿಸುವವರು, ನಮ್ಮನ್ನು ನೋಡಿ ಬಂದರು. "ಎಂತ ಆಯ್ತು ಮಾರಾಯ್ರೆ?" ಅನ್ನುತ್ತಾ ಒಂದು ಬಾಳೆ ಪಟ್ಟೆ ಸೀಳಿ ನಾರು ತೆಗೆದು ಶೂಗೆ ಅಡ್ಡಡ್ಡ ಸುತ್ತಿ ಕಟ್ಟಿಕೊಟ್ಟರು. ಸಂಜೆ ಅಂಗಡಿಯಲ್ಲಿ ಗಂಬೂಟು ಕೊಳ್ಳುವವರೆಗೂ ಆ ಕಟ್ಟು ಬಿಚ್ಚಲಿಲ್ಲ.

ಅವರ ಜೊತೆ ಕಾಳಿಂಗದ ಮಾತು ಬಂತು. ಆಗುಂಬೆಯಲ್ಲಿ ಯಾರ ಜೊತೆ ಮಾತಾಡಿದರೂ ಅದು ಬಂದೇ ಬರುತ್ತದೆ. ಬೇಸಿಗೆಯಲ್ಲಿ ಅವರ ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ಕಡಿಯುವ ಕಾಡಿನ) ಹತ್ತಿರ ಒಂದು ಹೆಣ್ಣು ಕಾಳಿಂಗ ಗೂಡು ಮಾಡಿತ್ತಂತೆ. ತರಗೆಲೆಯನ್ನು ಮೈಯಿಂದ ಎಳೆದು ಗುಡ್ಡೆ ಹಾಕಿ ಮೊಟ್ಟೆಯಿಡುವ ಹಾವು ಇದೊಂದೇ. "ನಾವು ಆ ಕಡೆ ಸೊಪ್ಪು ಕಡಿಯೋಕೆ ಹೋಗ್ಲಿಲ್ಲ. ಕೇಂದ್ರದವರಿಗೆ ಹೇಳಿದ್ವಿ, ಅವರು ಬಂದು ನೋಡ್ಕೊಂಡ್ರು. ಮೊನ್ನೆ ಮರಿ ಆದ್ವು." ಅವರು ಹೇಳಿದ್ದು ಇಲ್ಲಿನ ಮಳೆಕಾಡು ಸಂಶೋಧನಾ ಕೇಂದ್ರದ ಬಗ್ಗೆ. ರೋಮುಲಸ್ ವಿಟೇಕರ್ 2005ರಲ್ಲಿ ಅದನ್ನು ಕಟ್ಟಿದರು. 2008ರಲ್ಲಿ ಅಲ್ಲಿನವರು ಕಾಳಿಂಗದ ಮೈಯೊಳಗೆ ಪುಟ್ಟ ರೇಡಿಯೋ ಸಾಧನ ಇಟ್ಟು ಅದರ ಓಡಾಟವನ್ನು ಹಿಂಬಾಲಿಸಲು ಶುರು ಮಾಡಿದರು. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗ ಬೇರೆಯದೇ ಪ್ರಭೇದ ಅಂತ ವಿಜ್ಞಾನಿಗಳು ಬರೆದು, ಒಫಿಯೊಫೇಗಸ್ ಕಾಳಿಂಗ ಅಂತ ಹೆಸರಿಟ್ಟರು. ಈ ಸುದ್ದಿ ಕೊನೆಗಾರರಿಗೂ ಗೊತ್ತಿತ್ತು. "ಪೇಪರಲ್ಲಿ ಬಂದಿತ್ತು, ನಮ್ ಮಗ ಓದಿ ಹೇಳ್ದ" ಅಂದರು. ತನ್ನ ಸೊಪ್ಪಿನ ಬೆಟ್ಟದಲ್ಲಿ ಹಾವಿಗೆ ಎರಡು ತಿಂಗಳು ಜಾಗ ಬಿಟ್ಟುಕೊಟ್ಟವರು ಇವರು. ನಮ್ಮೂರಿನ ಕಡೆ ಕೇರೆಹಾವು ಕಂಡರೂ ಕೋಲು ಹುಡುಕುತ್ತಾರೆ. ಆಗುಂಬೆಯ ಜನರ ಮೇಲೆ ನನಗೆ ಇರುವ ಗೌರವಕ್ಕೆ ಇದು ದೊಡ್ಡ ಕಾರಣ.

ಹನ್ನೊಂದರ ಹೊತ್ತಿಗೆ ಹೊಳವಾಯಿತು. ಮೋಡ ಸರಿದು ಹತ್ತು ನಿಮಿಷ ಬಿಸಿಲು ಬಂದರೂ ಸಾಕು, ತೋಟ ಪೂರ್ತಿ ಬೇರೆಯಾಗುತ್ತದೆ. ಜೀರುಂಡೆ ಒಂದೇ ಸಲಕ್ಕೆ ಶುರುವಾದವು. ನಾನು ಅಡಿಕೆ ಮರಗಳ ಕಾಂಡ ನೋಡುತ್ತಾ ನಿಂತೆ. ಒಂದು ಕಾಂಡದ ಮೇಲೆ ತೊಗಟೆಯ ಬಣ್ಣದ್ದೇ ಏನೋ ಅಂಟಿಕೊಂಡಿತ್ತು, ಅದರ ಗಂಟಲಿನ ಕೆಳಗಿಂದ ಹಳದಿ ಚೂರೊಂದು ಹೊರಬಂದು ಒಳಹೋಯಿತು. ಮತ್ತೆ ಹೊರಬಂತು. ಹಾರುವ ಓತಿ, ಗಂಡು. "ಎಲ್ಲೇ? ನಂಗೆ ಕಾಣ್ತಿಲ್ಲ" ಅಂತ ಗೆಳತಿ ಪಿಸುಗುಟ್ಟಿದಳು. ಹಳದಿ ಮಿನುಗಿದಾಗ ಮಾತ್ರ ಕಾಣುವುದು, ಇಲ್ಲದಿದ್ದರೆ ಅದು ಬರೀ ತೊಗಟೆ. ಇರುವೆ ಸಾಲಿನ ಪಕ್ಕ ಕೂತು ಬಂದ ಇರುವೆಯನ್ನೆಲ್ಲ ಹೆಕ್ಕುತ್ತಾ ಮೇಲೆ ಮೇಲೆ ಹತ್ತಿತು. ನಮ್ಮ ತಲೆಗಿಂತ ಎಷ್ಟೋ ಮೇಲೆ ಹೋಗಿ, ಪಕ್ಕೆಲುಬು ಬಿಚ್ಚಿ ಪೊರೆ ಅಗಲಿಸಿ ಜಿಗಿಯಿತು. ಬಿದ್ದಂತಲ್ಲ, ಓರೆಯಾಗಿ ಜಾರಿ, ಕೊನೆಗೆ ಸ್ವಲ್ಪ ಮೇಲೆದ್ದು ಆಚೆ ಮರಕ್ಕೆ ಅಂಟಿತು. ಅವಳಿಗೆ ಹಾರಿದ್ದು ಕಂಡಿತು. ನನ್ನ ಕೈ ಹಿಡಿದುಕೊಂಡೇ ನಿಂತಿದ್ದಳು. ಹೆಣ್ಣು ಓತಿ ನೆಲಕ್ಕೆ ಬರುವುದು ಮೊಟ್ಟೆಯಿಡಲು ಮಾತ್ರ, ಗಂಡಿಗೆ ಆ ಕೆಲಸವೂ ಇಲ್ಲ.

ಸಂಕದ ಹತ್ತಿರ ಬಂದಾಗ ಮತ್ತೆ ಮಳೆ. ಕಲ್ಲಿನ ಸಂದಿ ಖಾಲಿಯಿತ್ತು, ಹಳ್ಳದ ನೀರು ಅಲ್ಲಿಯವರೆಗೂ ಏರಿದ ಗುರುತಿತ್ತು. ಸಿಳ್ಳಾರ ಬೇರೆಲ್ಲೋ ಗೂಡು ಮಾಡಿರಬೇಕು. ಅದನ್ನೇ ಮಾತಾಡುತ್ತಾ ಕೈ ಊರಲು ಪಕ್ಕದ ಗಿಡ ಹಿಡಿಯಹೊರಟಿದ್ದ ಅವಳನ್ನು ನಾನು ತಡೆದೆ. ಸೊಂಟದೆತ್ತರದ ಕವಲಿನಲ್ಲಿ ಮಲಬಾರ್ ಗುಳಿಮಂಡಲ ಸುತ್ತಿಕೊಂಡು ಕೂತಿತ್ತು. ಹಳದಿ ಬೆರೆತ ಕಂದು, ಮೇಲೆ ಕಪ್ಪು ಪಟ್ಟಿ. ಇದೇ ಹಾವು ಹಸಿರಾಗಿಯೂ ಇರುತ್ತದೆ. ನಾವು ಎರಡು ಹೆಜ್ಜೆ ಹಿಂದೆ ಸರಿದು ದೂರದರ್ಶಕದಲ್ಲಿ ನೋಡಿದೆವು. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಸಣ್ಣ ಗುಳಿ. ಕತ್ತಲಲ್ಲಿ ಬೇಟೆಯ ಮೈ ಶಾಖ ಅದಕ್ಕೆ ಅಲ್ಲಿಂದ ತಿಳಿಯುತ್ತದೆ. ತಲೆಯ ಮೇಲೆ ಬಿದ್ದ ಹನಿ ಮೂತಿಯ ತುದಿಗೆ ಇಳಿದು, ತೂಗಿ, ಕೆಳಗೆ ಬಿತ್ತು. ಮತ್ತೊಂದು ಹನಿ ಇಳಿಯಿತು. ಹಾವು ರೆಪ್ಪೆ ಆಡಿಸುವುದಿಲ್ಲವಲ್ಲ, ಇಡೀ ಹಾವಿನಲ್ಲಿ ಅಲುಗಾಡುತ್ತಿದ್ದದ್ದು ಆ ಹನಿಯೊಂದೇ.

ಇದು ಬೇಟೆ ಹುಡುಕಿಕೊಂಡು ಹೋಗುವ ಹಾವಲ್ಲ. ಕಪ್ಪೆಯೋ ಹಲ್ಲಿಯೋ ತಾನಾಗಿ ಹತ್ತಿರ ಬರುವವರೆಗೆ ಕಾಯುತ್ತದೆ, ದಿನಗಟ್ಟಲೆ. ಮಳೆಗಾಲದಲ್ಲಿ ಹಳ್ಳದ ಪಕ್ಕ ಗಿಡ ಹಿಡಿಯುವ ಮೊದಲು ನೋಡಿ ಹಿಡಿಯಬೇಕು ಅನ್ನೋದು ಇದಕ್ಕೇ.

ರಾತ್ರಿ ಊಟವಾದ ಮೇಲೆ ಅಮ್ಮನ ಮಗ ತೋಟದ ಅಂಚಿನ ಕೊಳೆತ ದಿಮ್ಮಿಯ ಹತ್ತಿರ ಕರೆದುಕೊಂಡು ಹೋಗಿ ಟಾರ್ಚ್ ಆರಿಸಿ ಅಂದ. ಸ್ವಲ್ಪ ಹೊತ್ತು ಏನೂ ಇಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ದಿಮ್ಮಿಯ ಒಂದು ಬದಿ ಮಂಕು ಹಸಿರಾಗಿ ಬೆಳಗುತ್ತಿತ್ತು. ಮರವನ್ನು ಕೊಳೆಸುವ ಶಿಲೀಂಧ್ರದ ಬೆಳಕು ಅದು. ಬೇಸಿಗೆಯಲ್ಲಿ ಬಂದರೆ ಅದೇ ದಿಮ್ಮಿ ಬರೀ ಸೌದೆ. ಮೊಬೈಲ್ ನೋಡಿದರೆ ಮತ್ತೆ ಹತ್ತು ನಿಮಿಷ ಏನೂ ಕಾಣುವುದಿಲ್ಲ, ಅದನ್ನು ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು.

ಮೂರನೇ ದಿನ: ಘಾಟಿ ರಸ್ತೆ

ಬೆಳಗ್ಗೆ ಎದ್ದವರೇ ಮೊದಲು ಸಂಕಕ್ಕೆ ಹೋದೆವು. ಗುಳಿಮಂಡಲ ಅಲ್ಲೇ ಇತ್ತು, ಅದೇ ಕವಲು. ತಲೆ ಮಾತ್ರ ಹಳ್ಳದ ಕಡೆ ತಿರುಗಿತ್ತು.

ಅಲ್ಲಿಂದ ಘಾಟಿ ರಸ್ತೆಗೆ. ಹದಿನಾಲ್ಕು ತಿರುವುಗಳ ಈ ರಸ್ತೆ ಸೋಮೇಶ್ವರಕ್ಕೆ ಇಳಿಯುತ್ತದೆ. ಇಲ್ಲಿ ಬಿದ್ದ ನೀರು ಸೀತಾ ನದಿ ಸೇರಿ ಪಡುವಣ ಕಡಲಿಗೆ ಹೋಗುತ್ತದೆ, ಬೆನ್ನ ಹಿಂದಿನ ಊರಿನ ನೀರು ತುಂಗೆಗೆ. ಸಣ್ಣ ಬಸ್ಸುಗಳು ಉಡುಪಿಗೆ ಓಡಾಡುತ್ತವೆ, ತಿರುವುಗಳಲ್ಲಿ ನಡೆಯುವುದು ಅಪಾಯ, ಹಾಗಾಗಿ ನಾವು ಮೇಲಿನ ಸ್ವಲ್ಪ ದೂರ ಮಾತ್ರ ಹೋಗಿ ಬರುತ್ತೇವೆ.

ಈ ದಾರಿ ಬರೆಯುವಾಗ ಸಂಕಟವಾಗುತ್ತದೆ. ರಾತ್ರಿ ಮಳೆಗೆ ರಸ್ತೆ ದಾಟಲು ಬಂದ ಕಪ್ಪೆಗಳು ಡಾಂಬರಿಗೆ ಅಂಟಿಹೋಗಿದ್ದವು. ಒಂದಲ್ಲ ಎರಡಲ್ಲ. ಮಣ್ಣಿನೊಳಗೇ ಬದುಕುವ, ಎರೆಹುಳ ತಿನ್ನುವ, ಬಾಲದ ತುದಿ ಮೊಂಡಾದ ಪುಟ್ಟ ಹಾವೊಂದು ನಡುವೆ ಜಜ್ಜಿತ್ತು. ಅದಕ್ಕೆ ಮನುಷ್ಯರನ್ನು ಕಚ್ಚಲೂ ಬರುವುದಿಲ್ಲ. ಮಣ್ಣೊಳಗೆ ನೀರು ತುಂಬಿ ಮೇಲೆ ಬಂದಿರುತ್ತದೆ ಅಷ್ಟೇ. ಜೀವವಿದ್ದ ಒಂದು ಕಪ್ಪೆಯನ್ನು ಗೆಳತಿ ಎಲೆಯಲ್ಲಿ ಎತ್ತಿ ಅದು ಹೋಗುತ್ತಿದ್ದ ಕಡೆಗೇ ಬಿಟ್ಟಳು. ಬಂದ ಕಡೆಗೆ ಬಿಟ್ಟರೆ ಮತ್ತೆ ರಸ್ತೆಗೆ ಬರುತ್ತದೆ. ರಾತ್ರಿ ಮಳೆಯಲ್ಲಿ ಘಾಟಿ ದಾಟಲೇಬೇಕಾದವರು ನಿಧಾನವಾಗಿ ಹೋಗಲಿ. ಅಷ್ಟಕ್ಕೇ ಎಷ್ಟೋ ಉಳಿಯುತ್ತವೆ.

ಸ್ವಲ್ಪ ಮುಂದೆ ಗೆಳತಿ ನಿಂತಳು. "ಕೇಳ್ದಾ?" ಮೇಲೆಲ್ಲೋ ಕೂ ಅಂತ ಮೆಲ್ಲಗೆ. ಕೊಂಬೆ ಅಲುಗಿತು. ಸಿಂಗಳೀಕ. ಕರಿ ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಕಾಡಿನಲ್ಲಿ ಇದು ಸಿಗುವುದಿಲ್ಲ. ಒಂದು ಕೊಳೆತ ಕೊಂಬೆಯ ತೊಗಟೆ ಕಿತ್ತು ಕೆಳಗೆ ಎಸೆಯುತ್ತಾ ಹುಳ ಹುಡುಕುತ್ತಿತ್ತು. ಸಿಕ್ಕಿದ್ದನ್ನು ಕೂಡಲೇ ನುಂಗದೆ ಕೆನ್ನೆಯ ಚೀಲಕ್ಕೆ ತುಂಬಿಕೊಳ್ಳುತ್ತಿತ್ತು. ಮರಿಯೊಂದು ಅದರ ಬಾಯಿಯ ಹತ್ತಿರ ಮೂತಿ ಇಟ್ಟು ಮೂಸುತ್ತಿತ್ತು.

ಗುಂಪಿನ ಉಳಿದವು ರಸ್ತೆಯ ತಡೆಗೋಡೆಯ ಮೇಲೆ. ಅಲ್ಲಿ ಒಂದು ಕಾರು, ಕಿಟಕಿಯಿಂದ ಚಿಪ್ಸ್ ಹಿಡಿದ ಪುಟ್ಟ ಕೈ. ನನಗೆ ಸಿಟ್ಟು ಬಂತು. ಗೆಳತಿ ಮುಂದೆ ಹೋಗಿ ಆ ಹುಡುಗಿಗೆ "ಪುಟ್ಟಿ, ಇಲ್ಲಿ ಬಾ, ಮೇಲೆ ಇನ್ನೊಂದಿದೆ, ಏನು ತಿಂತಿದೆ ನೋಡು" ಅಂತ ತನ್ನ ದೂರದರ್ಶಕವನ್ನೇ ಕೊಟ್ಟಳು. ಮಗು ನೋಡುತ್ತಾ ನಿಂತಿತು. ಅಪ್ಪ ಇಳಿದು ಬಂದು, "ಹಸಿದಿರ್ತವೆ ಅಂತ ಕೊಟ್ವಿ ಮೇಡಂ" ಅಂದರು. ಕೆಟ್ಟ ಮನಸ್ಸಿನಿಂದ ಕೊಟ್ಟವರಲ್ಲ. ಕಾಡು ಚೆನ್ನಾಗಿದ್ದಲ್ಲಿ ಸಿಂಗಳೀಕ ನೆಲಕ್ಕೆ ಇಳಿಯುವುದೇ ಅಪರೂಪ, ಚಿಪ್ಸ್ ರುಚಿ ಹತ್ತಿದರೆ ದಿನವಿಡೀ ರಸ್ತೆಯಲ್ಲೇ ಇರುತ್ತವೆ, ತಿರುವಿನಲ್ಲಿ ಬರುವ ಗಾಡಿಗೆ ಸಿಗುತ್ತವೆ ಅಂತ ಅವಳು ಹೇಳಿದಳು. ಅವರು ಪ್ಯಾಕೆಟ್ ಮಡಚಿ ಜೇಬಿಗೆ ಹಾಕಿದರು. ಅವರ ಹೆಂಡತಿ ಕಾರಿನೊಳಗಿಂದ ಉಳಿದ ಬಾಳೆಹಣ್ಣನ್ನೂ ಚೀಲಕ್ಕೆ ಸೇರಿಸಿದರು. ಮಗು ಮಾತ್ರ ಇನ್ನೂ ಹತ್ತು ನಿಮಿಷ ದೂರದರ್ಶಕ ಕೊಡಲಿಲ್ಲ, "ಅಪ್ಪಾ, ಇದು ಕೆನ್ನೇಲಿ ಇಟ್ಕೊಂಡಿದೆ" ಅಂತ ಕೂಗಿ ಹೇಳುತ್ತಿತ್ತು.

ಮಧ್ಯಾಹ್ನ ನೀರು ದೋಸೆ ತಿಂದು ಅಮ್ಮ ಕಟ್ಟಿಕೊಟ್ಟ ಮಿಡಿ ಉಪ್ಪಿನಕಾಯಿ ಹೊತ್ತು ಬಸ್ ಹಿಡಿದೆವು. ಮಂಡಗದ್ದೆ ದಾಟುವಾಗ ಹೊಳೆ ಇನ್ನೂ ಏರಿತ್ತು, ಕೆಳಗಿನ ಗೂಡುಗಳು ಉಳಿದಿವೆಯಾ ಅಂತ ಓಡುವ ಬಸ್ಸಿನಿಂದ ಗೊತ್ತಾಗಲಿಲ್ಲ.

ಮುಂದಿನ ವಾರ ಅಮ್ಮ ಫೋನ್ ಮಾಡಿದ್ದರು. ನೊರೆ ಗೂಡಿನಿಂದ ಮರಿಗಳು ತೊಟ್ಟಿಗೆ ಬಿದ್ದವಂತೆ. ಆಳುಗಳು ತೊಟ್ಟಿ ಖಾಲಿ ಮಾಡಿ ಪಾಚಿ ಉಜ್ಜಲು ಬಂದಿದ್ದರಂತೆ. "ಕಾಲು ಬರೋವರೆಗೆ ಮುಟ್ಟಬೇಡಿ ಅಂತ ಹೇಳಿ ಕಳಿಸ್ದೆ. ನೀರು ಬೇಕಾದ್ರೆ ಬಾವಿಯಿಂದ ಸೇದ್ಕೊಳ್ಳಿ ಅಂದೆ" ಅಂದರು. ಗುಳಿಮಂಡಲದ ಬಗ್ಗೆ ಕೇಳಿದೆ. ಮಗ ಮೊನ್ನೆ ನೋಡಿದಾಗ ಕವಲು ಖಾಲಿಯಿತ್ತಂತೆ, ಹಳ್ಳದ ಆಚೆ ದಡದಲ್ಲಿ ಒಂದು ಹಸಿರು ಬಣ್ಣದ್ದು ಕೂತಿದೆಯಂತೆ.